‘ಜನಾಂಗೀಯ’ ಎಂದು ಬರೆದರೆ ಸುದ್ದಿ ಮುಗಿಯಿತೇ?

ಮಾನ್ಯ ಸಂಪಾದಕರೇ,

ಅಮೆರಿಕ, ಬ್ರಿಟನ್ನಿನ ಸುದ್ದಿ ಕನ್ನಡಕ್ಕೆ ಬರುವಾಗ ‘ಜನಾಂಗೀಯ’ ಎಂಬ ವಿಶೇಷಣದ ತಲೆಯ ಮೇಲೆ ವಿಪರೀತ ಹೊರೆ ಬೀಳುತ್ತಿದೆ. ಕ್ರಿಕೆಟಿಗನಿಗೆ ಪ್ರೇಕ್ಷಕರು ಬೈದರೆ ಜನಾಂಗೀಯ ನಿಂದನೆ. ಮಣಿಪುರದ ಮೈತೇಯಿ–ಕುಕಿ ಬಡಿದಾಟ ಜನಾಂಗೀಯ ಸಂಘರ್ಷ. ರುವಾಂಡದಲ್ಲಿ 1994ರಲ್ಲಿ ನಡೆದದ್ದು ಜನಾಂಗೀಯ ಹತ್ಯೆ. ಅಮೆರಿಕದ ಆಸ್ತಿ ಲೆಕ್ಕ ಜನಾಂಗೀಯ ಅಸಮಾನತೆ. ಅದೇ ದಿನದ ಜಿಲ್ಲಾ ಪುಟದಲ್ಲಿ ‘ನಮ್ಮ ಜನಾಂಗದ ಸಮಾವೇಶ’ ಎಂಬ ಸುದ್ದಿ ಇದ್ದರೆ ಅಲ್ಲಿ ಜನಾಂಗ ಅಂದರೆ ಜಾತಿ. ಸಂದರ್ಭ ನೋಡಿಕೊಂಡು ಓದುಗರು ಅರ್ಥ ಮಾಡಿಕೊಳ್ಳುತ್ತಾರೆ, ನಿಜ. ಹತ್ತು ಅರ್ಥ ಹೊತ್ತ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ನಮ್ಮ ತಕರಾರು ಬೇರೆ: ಈ ಪದ ಕಾಲಿಟ್ಟ ವಾಕ್ಯದಿಂದ ಯಾರು, ಯಾರಿಗೆ, ಏನು ಮಾಡಿದರು ಎಂಬುದು ಸದ್ದಿಲ್ಲದೆ ಎದ್ದು ಹೋಗುತ್ತದೆ. ಅನುವಾದದ ಮೇಜಿನಲ್ಲಿ ಕೂರುವವರಿಗೆ ಉಪಯೋಗಕ್ಕೆ ಬರಲೆಂದು ಕೊಂಚ ಉದ್ದವಾಗಿಯೇ ಬರೆಯುತ್ತಿದ್ದೇವೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಆಡಿಸಿ, ಅಂಕಿಗಳ ಭಾಗ ಮಾತ್ರ ಉಳಿಸಿ.

ಮೊದಲು ಆಸ್ಪತ್ರೆಯ ಎರಡು ಸಂಗತಿ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಬೆರಳಿನ ಪಲ್ಸ್ ಆಕ್ಸಿಮೀಟರ್ ಕೆಂಪು ಮತ್ತು ಅತಿಗೆಂಪು ಬೆಳಕು ಹಾಯಿಸಿ, ಎರಡರಲ್ಲಿ ಎಷ್ಟೆಷ್ಟು ಹೀರಿಕೆಯಾಯಿತು ಎಂಬ ಅನುಪಾತದಿಂದ ರಕ್ತದ ಆಮ್ಲಜನಕದ ಪ್ರಮಾಣ ತೋರಿಸುತ್ತದೆ. ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಯಂತ್ರದ ಅಳತೆ ಹೊಂದಿಸುವ ಹಂತದಲ್ಲಿ ಕಪ್ಪು ಚರ್ಮದವರು ಸಾಕಷ್ಟು ಇಲ್ಲದಿದ್ದರೆ, ಅವರ ಬೆರಳಿಗೆ ಹಾಕಿದಾಗ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ. ಮಿಷಿಗನ್‌ನ ವೈದ್ಯರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಯಂತ್ರ 92ರಿಂದ 96 ತೋರಿಸುತ್ತಿದ್ದ ಹೊತ್ತಿನಲ್ಲೇ ಅಪಧಮನಿಯ ರಕ್ತ ತೆಗೆದು ನೋಡಿದರೆ, ಕಪ್ಪು ರೋಗಿಗಳ ಶೇ 11.7ರಷ್ಟು ಪರೀಕ್ಷೆಗಳಲ್ಲಿ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಅದು ಶೇ 3.6. ಇಂಥ ಸುದ್ದಿಗೆ ‘ಜನಾಂಗೀಯ ತಾರತಮ್ಯ ತೋರುವ ಯಂತ್ರ’ ಎಂದು ಶೀರ್ಷಿಕೆ ಕೊಟ್ಟರೆ ಆಕರ್ಷಕವಾಗಿರುತ್ತದೆ, ತಪ್ಪಾಗಿಯೂ ಇರುತ್ತದೆ. ಯಂತ್ರಕ್ಕೆ ಬೆರಳಿಟ್ಟವರ ಪೂರ್ವಜರು ಎಲ್ಲಿಂದ ಬಂದರೆಂಬುದು ಗೊತ್ತಿಲ್ಲ, ಅದಕ್ಕೆ ಕಾಣುವುದು ಚರ್ಮದ ಬಣ್ಣ. ಹಾಗಾಗಿ ರಾಯಚೂರಿನ ಕಡುಗಪ್ಪು ಮೈಬಣ್ಣದವರಿಗೂ ಆ ಎಚ್ಚರಿಕೆ ಅನ್ವಯಿಸುತ್ತದೆ. ‘ಜನಾಂಗೀಯ’ ಎಂದು ಬರೆದ ಕೂಡಲೇ ಅದು ಅಮೆರಿಕದವರ ಸಮಸ್ಯೆಯಾಗಿಬಿಡುತ್ತದೆ, ನಮ್ಮ ಓದುಗರು ಪುಟ ತಿರುವುತ್ತಾರೆ.

ಎರಡನೆಯದು ಮೂತ್ರಪಿಂಡದ ಲೆಕ್ಕ. ರಕ್ತದ ಕ್ರಿಯಾಟಿನಿನ್ ಹಿಡಿದು ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜಿಸುವ 2009ರ ಸೂತ್ರದಲ್ಲಿ, ರೋಗಿ ಕಪ್ಪು ಎಂದು ಗುರುತಾಗಿದ್ದರೆ ಬಂದ ಉತ್ತರವನ್ನು 1.159ರಿಂದ ಗುಣಿಸಬೇಕಿತ್ತು. ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ಅಮೆರಿಕದಲ್ಲಿ ಕಸಿಗಾಗಿ ಕಾಯುವ ಅವಧಿ ಲೆಕ್ಕಕ್ಕೆ ಬರುವುದು ಈ ಅಂಕಿ 20 ಅಥವಾ ಅದಕ್ಕಿಂತ ಕೆಳಗೆ ಇಳಿದಾಗ. ಒಬ್ಬರಿಗೆ 18 ಬಂದರೆ ಅವರು ಸಾಲಿಗೆ ಸೇರುತ್ತಾರೆ. ಅದೇ ವಯಸ್ಸು, ಅದೇ ಲಿಂಗ, ಅದೇ ರಕ್ತದ ವರದಿ ಇರುವ ಕಪ್ಪು ರೋಗಿಗೆ 18 ಹೋಗಿ 20.9 ಆಗುತ್ತದೆ, ಅವರು ಹೊರಗೆ ಉಳಿಯುತ್ತಾರೆ. 2021ರಲ್ಲಿ ಅಲ್ಲಿನ ಮೂತ್ರಪಿಂಡ ತಜ್ಞರ ಸಂಘಟನೆಗಳು ಈ ಗುಣಕವನ್ನು ಕೈಬಿಡುವಂತೆ ಹೇಳಿದವು. 2023ರಿಂದ ಕಸಿ ಕೇಂದ್ರಗಳು ಹಳೆಯ ಕಡತ ತೆಗೆದು, ಹೀಗೆ ಹಿಂದೆ ಬಿದ್ದವರ ಕಾಯುವ ಅವಧಿಯನ್ನು ಸರಿಪಡಿಸಬೇಕಾಯಿತು. ಈ ಪ್ರಕರಣದಲ್ಲಿ ಮೈಬಣ್ಣಕ್ಕೆ ಪಾತ್ರವೇ ಇಲ್ಲ. ಗೋಧಿ ಬಣ್ಣದ ಕಪ್ಪು ಅಮೆರಿಕನ್ನರಿಗೆ 1.159 ತಗುಲುತ್ತಿತ್ತು, ಅವರಿಗಿಂತ ಕಪ್ಪಾಗಿರುವ ಕನ್ನಡಿಗರಿಗೆ ತಗುಲುತ್ತಿರಲಿಲ್ಲ. ಅರ್ಜಿಯ ಯಾವ ಚೌಕದಲ್ಲಿ ಗುರುತು ಬಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಈ ಎರಡು ಸುದ್ದಿಗಳೂ ನಮ್ಮಲ್ಲಿ ‘ಆರೋಗ್ಯ ಕ್ಷೇತ್ರದಲ್ಲಿ ಜನಾಂಗೀಯ ತಾರತಮ್ಯ’ ಎಂಬ ಒಂದೇ ಬುಟ್ಟಿಗೆ ಬೀಳುತ್ತವೆ. ಒಂದರಲ್ಲಿ ಕಾರಣ ಮೈಬಣ್ಣ ಎಂಬ ಭೌತಿಕ ಗುಣ, ಇನ್ನೊಂದರಲ್ಲಿ ಸರ್ಕಾರ ಮತ್ತು ಸಮಾಜ ಅಂಟಿಸಿದ ಚೀಟಿ. ಮೊದಲನೆಯದಕ್ಕೆ ಪರಿಹಾರ ಒಳ್ಳೆಯ ಯಂತ್ರ, ಎರಡನೆಯದಕ್ಕೆ ಸೂತ್ರದಿಂದ ಚೀಟಿ ಕಿತ್ತುಹಾಕುವುದು. ಕಾರಣವನ್ನು ಒಂದೇ ಹೆಸರಿನಲ್ಲಿ ಕರೆದರೆ ಪರಿಹಾರವೂ ಕಲಸುಮೇಲೋಗರವಾಗುತ್ತದೆ.

ಆ ಚೌಕಗಳು ನಿಸರ್ಗ ಕೊಟ್ಟವಲ್ಲ ಎಂಬುದಕ್ಕೆ ಭಾರತೀಯರದ್ದೇ ಕಥೆ ಸಾಕು. ಅಮೆರಿಕದ 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ಪೌರತ್ವ ಸಿಗುತ್ತಿದ್ದುದು ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಲಾಯಿತು. ಜಪಾನಿನಿಂದ ಬಂದ ತಕಾವೊ ಒಜಾವಾ ತಮ್ಮ ಚರ್ಮ ಬೆಳ್ಳಗಿದೆ ಎಂದು ವಾದಿಸಿದಾಗ, 1922ರಲ್ಲಿ ಸುಪ್ರೀಂ ಕೋರ್ಟ್ ‘ಬಿಳಿಯ’ ಎಂದರೆ ಬಣ್ಣವಲ್ಲ, ಆ ಕಾಲದ ಮಾನವಶಾಸ್ತ್ರ ‘ಕಕೇಶಿಯನ್’ ಎಂದು ಕರೆದ ಗುಂಪಿನವರು ಎಂದರ್ಥ ಎಂದಿತು. ಮರುವರ್ಷ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್, ಆ ಕಾಲದ ಮಾನವಶಾಸ್ತ್ರದ ಪುಸ್ತಕಗಳ ಪ್ರಕಾರ ಉತ್ತರ ಭಾರತದವರು ಕಕೇಶಿಯನ್ನರೇ ಎಂದು ಅದೇ ಕೋರ್ಟಿನ ಮುಂದೆ ನಿಂತರು. ಆಗ ಕೋರ್ಟು ಪುಸ್ತಕ ಬದಿಗಿಟ್ಟು, ಜನಸಾಮಾನ್ಯರು ಯಾರನ್ನು ಬಿಳಿಯರೆಂದು ತಿಳಿಯುತ್ತಾರೋ ಅವರೇ ಬಿಳಿಯರು ಎಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ ನ್ಯಾಯಮೂರ್ತಿ, ಜಾರ್ಜ್ ಸದರ್‌ಲ್ಯಾಂಡ್. ಮೂರು–ನಾಲ್ಕು ತಿಂಗಳ ಅಂತರದಲ್ಲಿ ಅಳತೆಗೋಲು ಬದಲಾಯಿತು, ಫಲಿತಾಂಶ ಬದಲಾಗಲಿಲ್ಲ. ಭಾರತೀಯರಿಗೆ ಪೌರತ್ವದ ಹಾದಿ ತೆರೆದದ್ದು 1946ರಲ್ಲಿ.

ಜನಗಣತಿಯದು ಇನ್ನೂ ತಮಾಷೆ. 1920ರಿಂದ 1940ರವರೆಗಿನ ಮೂರು ಗಣತಿಗಳಲ್ಲಿ ಭಾರತೀಯರ ‘ರೇಸ್’, ಅಂದರೆ ನಾವು ಜನಾಂಗ ಎಂದು ಅನುವಾದಿಸುವುದು, ಹಿಂದೂ! ಅಲ್ಲಿದ್ದ ಪಂಜಾಬಿಗಳಲ್ಲಿ ಹೆಚ್ಚಿನವರು ಸಿಖ್ಖರು, ಕೆಲವರು ಮುಸ್ಲಿಮರು. 1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಲಾಯಿತು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಚೌಕ ಬಂತು. ಎಪ್ಪತ್ತರ ಹೊತ್ತಿಗೆ ಅಲ್ಲಿ ನೆಲೆಸಿದ್ದ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಮೈಬಣ್ಣ ಬದಲಿಸಿಕೊಳ್ಳದೆಯೇ ಹತ್ತು ವರ್ಷದಲ್ಲಿ ಬಿಳಿಯರಿಂದ ಏಷ್ಯನ್ನರಾದರು. 2000ದ ಗಣತಿಯಿಂದ ಒಂದಕ್ಕಿಂತ ಹೆಚ್ಚು ಚೌಕ ಗುರುತು ಮಾಡಬಹುದು. 2024ರ ಮಾರ್ಚ್‌ನಲ್ಲಿ ನಿಯಮ ಮತ್ತೆ ಬದಲಾಗಿ, ಅಲ್ಲಿಯವರೆಗೆ ಬಿಳಿಯರ ಲೆಕ್ಕದಲ್ಲಿದ್ದ ಲೆಬನಾನ್, ಇರಾನ್, ಈಜಿಪ್ಟ್ ಮೂಲದವರಿಗೆ ‘ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ’ ಎಂಬ ಪ್ರತ್ಯೇಕ ವರ್ಗ ಬಂತು. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದವರು) ಎಂಬುದು ಮೊದಲು ಬೇರೆ ಪ್ರಶ್ನೆಯಾಗಿತ್ತು, ಈಗ ಒಂದೇ ಪ್ರಶ್ನೆಯೊಳಗೆ ಸೇರಿತು.

ಇದು ಸುದ್ದಿಮನೆಗೆ ಯಾಕೆ ಮುಖ್ಯ? 2020ರ ಗಣತಿಯಲ್ಲಿ ಕಪ್ಪು ಎಂಬ ಒಂದೇ ಚೌಕ ಗುರುತಿಸಿದವರು ಶೇ 12.4. ಕಪ್ಪು ಮತ್ತು ಬೇರೊಂದನ್ನೂ ಗುರುತಿಸಿದವರನ್ನು ಸೇರಿಸಿದರೆ ಶೇ 14.2. ಒಂದು ವರದಿಯಲ್ಲಿ ಮೊದಲ ಅಂಕಿ, ಮರುವಾರದ ವರದಿಯಲ್ಲಿ ಎರಡನೆಯ ಅಂಕಿ ಬಂದರೆ ಓದುಗರು ‘ಅಬ್ಬಾ, ಎಷ್ಟು ಬೇಗ ಬೆಳೆದರು’ ಅಂದುಕೊಳ್ಳುತ್ತಾರೆ. ಕಮಲಾ ಹ್ಯಾರಿಸ್ ವಿಷಯದಲ್ಲೂ ಹೀಗೇ. ತಾಯಿ ತಮಿಳುನಾಡಿನವರು, ತಂದೆ ಜಮೈಕಾದವರು. ನಮ್ಮ ಪತ್ರಿಕೆಗಳಲ್ಲಿ ಅವರು ಹೆಚ್ಚಾಗಿ ‘ಭಾರತ ಮೂಲದ’ವರು. 2024ರ ಜುಲೈ 31ರಂದು ಶಿಕಾಗೊದಲ್ಲಿ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಟ್ರಂಪ್, ಹ್ಯಾರಿಸ್ ಇದುವರೆಗೆ ಭಾರತೀಯಳೆಂದು ಹೇಳಿಕೊಳ್ಳುತ್ತಿದ್ದು ಈಗ ಇದ್ದಕ್ಕಿದ್ದಂತೆ ಕಪ್ಪು ಆಗಿದ್ದಾರೆ ಎಂಬ ಅರ್ಥದಲ್ಲಿ ಮಾತಾಡಿದಾಗ, ಅದರಲ್ಲಿ ಏನು ತಪ್ಪು ಎಂಬುದು ಕನ್ನಡ ಓದುಗರಿಗೆ ಸುಲಭವಾಗಿ ತಿಳಿಯುವಂತಿರಲಿಲ್ಲ. ಅವರ ಅರ್ಧ ಗುರುತನ್ನಷ್ಟೇ ನಾವು ಕೊಟ್ಟಿದ್ದೆವಲ್ಲ. ಅವರು ಓದಿದ್ದು ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ, ಅದು ಐತಿಹಾಸಿಕವಾಗಿ ಕಪ್ಪು ಜನರ ವಿದ್ಯಾಸಂಸ್ಥೆ. ಈ ಒಂದು ವಾಕ್ಯ ಸೇರಿಸಿದ್ದರೆ ಸಾಕಿತ್ತು.

ಇನ್ನು ಅಂಕಿಗಳಿಗೆ ಬರೋಣ, ಅತಿ ಹೆಚ್ಚು ಎಡವುವುದು ಇಲ್ಲೇ. ಅಮೆರಿಕದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಕುಟುಂಬಗಳ ಆಸ್ತಿ ಸಮೀಕ್ಷೆ ಮಾಡುತ್ತದೆ. 2022ರಲ್ಲಿ ಬಿಳಿಯ ಕುಟುಂಬಗಳ ಮಧ್ಯಾಂಕ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬಗಳದ್ದು 44,900 ಡಾಲರ್. ಮಧ್ಯಾಂಕ ಎಂದರೆ ಎಲ್ಲ ಕುಟುಂಬಗಳನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವ ಕುಟುಂಬದ ಆಸ್ತಿ. ಇದನ್ನು ‘ಸರಾಸರಿ’ ಎಂದು ಅನುವಾದಿಸಿದರೆ ತಪ್ಪು. ಅದೇ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬಗಳ ಸರಾಸರಿ 13 ಲಕ್ಷ ಡಾಲರಿಗೂ ಹೆಚ್ಚು, ಏಕೆಂದರೆ ಕೋಟ್ಯಧಿಪತಿಗಳು ಅಂಕಿಯನ್ನು ಮೇಲಕ್ಕೆ ಎಳೆಯುತ್ತಾರೆ. 2019ರಿಂದ 2022ಕ್ಕೆ, ಬೆಲೆಯೇರಿಕೆ ಕಳೆದ ಮೇಲೂ, ಕಪ್ಪು ಕುಟುಂಬಗಳ ಮಧ್ಯಾಂಕ ಸುಮಾರು ಶೇ 60ರಷ್ಟು ಏರಿತು, ಬಿಳಿಯರದು ಸುಮಾರು ಶೇ 31ರಷ್ಟು. ಆದರೂ ಇಬ್ಬರ ನಡುವಿನ ಡಾಲರ್ ಅಂತರ ಅದೇ ಅವಧಿಯಲ್ಲಿ ಸುಮಾರು 50,000 ಹಿಗ್ಗಿತು. ‘ಆಸ್ತಿ ಅಂತರ ಕುಗ್ಗಿದೆ’ ಎಂದೂ ಬರೆಯಬಹುದು, ‘ಹಿಗ್ಗಿದೆ’ ಎಂದೂ ಬರೆಯಬಹುದು. ಎರಡೂ ನಿಜ. ಒಂದು ಅನುಪಾತದ ಮಾತು, ಇನ್ನೊಂದು ಮೊತ್ತದ ಮಾತು. ರಾಜಕಾರಣಿಗಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ವರದಿಯಲ್ಲಿ ಎರಡೂ ಇರಬೇಕು, ಎರಡಕ್ಕೆ ಜಾಗವಿಲ್ಲದಿದ್ದರೆ ಯಾವುದೆಂದಾದರೂ ಹೇಳಬೇಕು. ಡಾಲರನ್ನು ರೂಪಾಯಿಗೆ ಬದಲಿಸಿ ‘2 ಕೋಟಿ ಆಸ್ತಿವಂತರು’ ಎಂದು ಬರೆಯುವುದು ಬೇಡ. ಅಲ್ಲಿನ ಒಂದು ಸಾಧಾರಣ ಮನೆಯ ಬೆಲೆಯೇ ಅಷ್ಟಿರುತ್ತದೆ.

ಪೊಲೀಸರ ಗುಂಡಿಗೆ ಬಲಿಯಾದವರ ಲೆಕ್ಕದಲ್ಲಿ ಇದೇ ಜಾರುಬಂಡೆ ಇದೆ. ಒಟ್ಟು ಸಂಖ್ಯೆಯಲ್ಲಿ ಬಿಳಿಯರೇ ಹೆಚ್ಚು. ತಲಾ ಲೆಕ್ಕ, ಅಂದರೆ ಆಯಾ ಸಮುದಾಯದ ಪ್ರತಿ ಹತ್ತು ಲಕ್ಷ ಜನರಿಗೆ ಎಷ್ಟು ಎಂದು ನೋಡಿದರೆ ಕಪ್ಪು ಜನರ ಪ್ರಮಾಣ ಬಿಳಿಯರ ಎರಡು ಪಟ್ಟಿಗೂ ಮಿಕ್ಕಿದೆ. ಮೊದಲ ಅಂಕಿಯನ್ನಷ್ಟೇ ಹಿಡಿದು ‘ಜನಾಂಗಭೇದ ಸುಳ್ಳು’ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳು ಕನ್ನಡದಲ್ಲೂ ಓಡಾಡುತ್ತವೆ.

ಅಂಕಿ ಕೊಟ್ಟು ಕಾರಣ ಬಿಟ್ಟರೆ ಓದುಗರು ತಮಗೆ ತೋಚಿದ ಕಾರಣ ತುಂಬಿಕೊಳ್ಳುತ್ತಾರೆ: ಓದಲಿಲ್ಲ, ದುಡಿಯಲಿಲ್ಲ, ಉಳಿಸಲಿಲ್ಲ. ಆಸ್ತಿ ಅಂತರ ಆದಾಯದ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರುವುದಕ್ಕೆ ಒಂದು ಮುಖ್ಯ ಕಾರಣ ಮನೆ. ಆರ್ಥಿಕ ಕುಸಿತದ ಮೂವತ್ತರ ದಶಕದಲ್ಲಿ ಸರ್ಕಾರದ ಗೃಹಸಾಲ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ ಬಡಾವಣೆಗಳಿಗೆ ಎ, ಬಿ, ಸಿ, ಡಿ ದರ್ಜೆ ಕೊಟ್ಟಿತು. ಎ ಹಸಿರು, ಬಿ ನೀಲಿ, ಸಿ ಹಳದಿ, ಡಿ ಕೆಂಪು. ಕಪ್ಪು ಜನ ವಾಸಿಸುವ ಕೇರಿಗಳು ಬಹುಪಾಲು ಕೆಂಪಿನಲ್ಲಿ, ‘ಅಪಾಯಕಾರಿ’ ಎಂಬ ಷರಾದೊಂದಿಗೆ. ಹಾನಿ ಮಾಡಿದ್ದು ಈ ನಕ್ಷೆಗಳೋ, 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತದ ಸ್ವಂತ ನಿಯಮಗಳೋ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಆ ಆಡಳಿತದ ಕೈಪಿಡಿಯಂತೂ ಬಿಳಿಯರಲ್ಲದವರಿಗೆ ಮನೆ ಮಾರಬಾರದೆಂಬ ಕರಾರನ್ನು ಶಿಫಾರಸು ಮಾಡುತ್ತಿತ್ತು. ಇದನ್ನು ನಿಷೇಧಿಸುವ ವಸತಿ ಕಾಯ್ದೆ ಬಂದದ್ದು 1968ರಲ್ಲಿ. ಸರ್ಕಾರದ ಖಾತರಿಯ ಅಗ್ಗದ ಸಾಲದಲ್ಲಿ ಒಂದು ತಲೆಮಾರು ಮನೆ ಕಟ್ಟಿಕೊಂಡಿತು, ಪಕ್ಕದ ಕೇರಿಯ ತಲೆಮಾರು ಬಾಡಿಗೆ ಕಟ್ಟಿತು. ಮುಂದಿನದು ಬಡ್ಡಿಯ ಲೆಕ್ಕ. ಹೀಗೆ ಬರೆದರೆ ‘ಜನಾಂಗೀಯ’ ಎಂಬ ಪದದ ಅಗತ್ಯವೇ ಬೀಳುವುದಿಲ್ಲ. ಸಾಲ ಕೊಡಲಿಲ್ಲ ಎಂಬ ಕ್ರಿಯಾಪದ ಸಾಕು.

ಇಲ್ಲೇ ‘ತಾರತಮ್ಯ’ ಮತ್ತು ‘ಅಸಮಾನತೆ’ ಬೇರ್ಪಡಬೇಕು. ಅಸಮಾನತೆ ಅಳೆಯಬಹುದಾದ ಅಂತರ. ತಾರತಮ್ಯ ಯಾರೋ ಮಾಡುವ ಕೆಲಸ, ಅದಕ್ಕೊಬ್ಬ ಕರ್ತೃ ಬೇಕು. ಅಂತರ ಕಂಡಲ್ಲೆಲ್ಲ ತಾರತಮ್ಯ ಎಂದು ಬರೆಯುವುದು ಪುರಾವೆ ಇಲ್ಲದೆ ಆರೋಪ ಹೊರಿಸಿದಂತೆ. ಉದ್ದೇಶ ಸಾಬೀತಾಗಲಿಲ್ಲ ಎಂಬ ಕಾರಣಕ್ಕೆ ತಾರತಮ್ಯವೇ ಇಲ್ಲ ಎಂದು ಬರೆಯುವುದೂ ಅಷ್ಟೇ ತಪ್ಪು. ಅಮೆರಿಕದ ಕಾನೂನಿನಲ್ಲಿ ಇವೆರಡರ ನಡುವೆ ಮೂರನೆಯದೊಂದಿದೆ. ಉತ್ತರ ಕರೋಲಿನಾದ ಡ್ಯೂಕ್ ಪವರ್ ಕಂಪನಿ ತನ್ನ ಒಂದು ಸ್ಥಾವರದಲ್ಲಿ ಕಪ್ಪು ಕಾರ್ಮಿಕರನ್ನು ಅತಿ ಕಡಿಮೆ ಸಂಬಳದ ವಿಭಾಗದಲ್ಲಿ ಮಾತ್ರ ಇಟ್ಟುಕೊಂಡಿತ್ತು. 1965ರಲ್ಲಿ ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ ಹೊಸ ಕಾಯ್ದೆ ಜಾರಿಯಾದಾಗ ಆ ನಿಯಮ ತೆಗೆದು, ಬೇರೆ ವಿಭಾಗ ಸೇರಲು ಹೈಸ್ಕೂಲ್ ಪ್ರಮಾಣಪತ್ರ ಮತ್ತು ಬುದ್ಧಿ ಪರೀಕ್ಷೆ ಬೇಕೆಂದಿತು. ಆ ಕೆಲಸಕ್ಕೂ ಈ ಪರೀಕ್ಷೆಗೂ ಸಂಬಂಧ ತೋರಿಸಲು ಕಂಪನಿಗೆ ಆಗಲಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೂ ಪೆಟ್ಟು ಬೀಳುವುದು ಒಂದೇ ಗುಂಪಿಗಾದರೆ, ಮತ್ತು ಆ ನಿಯಮ ಕೆಲಸಕ್ಕೆ ಅಗತ್ಯವಿಲ್ಲದಿದ್ದರೆ, ಉದ್ದೇಶ ಏನೇ ಇರಲಿ ಅದು ಕಾನೂನುಬಾಹಿರ ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಹೊರಡಿಸಿದ ಆದೇಶ ಈ ತತ್ತ್ವವನ್ನು ಆಧರಿಸಿ ಕ್ರಮ ಜರುಗಿಸುವುದನ್ನು ಕಡಿಮೆ ಮಾಡಿ ಎಂದು ಸರ್ಕಾರಿ ಸಂಸ್ಥೆಗಳಿಗೆ ಸೂಚಿಸಿತು. ಇಂಥ ಸುದ್ದಿಯನ್ನು ‘ಜನಾಂಗೀಯ ತಾರತಮ್ಯ ಕಾಯ್ದೆ ರದ್ದು’ ಎನ್ನುವಂತಿಲ್ಲ, ಏಕೆಂದರೆ ಕಾಯ್ದೆ ಇದೆ. ‘ಪರಿಣಾಮ ನೋಡಿ ತಾರತಮ್ಯ ನಿರ್ಧರಿಸುವ ಕ್ರಮಕ್ಕೆ ತಡೆ’ ಎಂದರೆ ಉದ್ದವಾಯಿತು, ಸರಿಯಾಯಿತು.

ಕ್ರಿಯಾಪದದ ಮಾತು ಬಂತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಅಲ್ಲಿನ ಪೊಲೀಸ್ ಇಲಾಖೆ ಕೊಟ್ಟ ಮೊದಲ ಪ್ರಕಟಣೆಯ ತಲೆಬರಹದ ಸಾರ: ಪೊಲೀಸರೊಂದಿಗಿನ ವ್ಯವಹಾರದ ವೇಳೆ ವೈದ್ಯಕೀಯ ಸಮಸ್ಯೆ, ವ್ಯಕ್ತಿ ಸಾವು. ಕುತ್ತಿಗೆ ಇಲ್ಲ, ಅದನ್ನು ಒತ್ತಿದ ಮೊಣಕಾಲು ಇಲ್ಲ, ಒತ್ತಿದ ಪೊಲೀಸ್ ಅಧಿಕಾರಿ ಡೆರೆಕ್ ಶಾವಿನ್ ಇಲ್ಲ. ದಾರಿಹೋಕ ಹುಡುಗಿ ತೆಗೆದ ವಿಡಿಯೊ ಹೊರಬರದಿದ್ದರೆ ಆ ವಾಕ್ಯವೇ ಇತಿಹಾಸವಾಗುತ್ತಿತ್ತು. ಮೊಣಕಾಲು ಒತ್ತಿದ್ದು 9 ನಿಮಿಷ 29 ಸೆಕೆಂಡು ಎಂದು ವಿಚಾರಣೆಯಲ್ಲಿ ತೋರಿಸಲಾಯಿತು. ಕನ್ನಡದಲ್ಲಿ ‘ಸಾವನ್ನಪ್ಪಿದ’, ‘ಹಲ್ಲೆಗೊಳಗಾದ’, ‘ಬಲಿಯಾದ’ ಎಂಬ ರೂಪಗಳು ಪೊಲೀಸ್ ಪ್ರಕಟಣೆಗೆ ಹೇಳಿ ಮಾಡಿಸಿದಂತಿವೆ. ಕೊಂದವನ ಹೆಸರಿಲ್ಲದೆ ವಾಕ್ಯ ಸರಾಗವಾಗಿ ಮುಗಿಯುತ್ತದೆ. ತನಿಖೆ ಮುಗಿಯುವವರೆಗೆ ಎಚ್ಚರ ಬೇಕು, ಒಪ್ಪಿದೆವು. ವಿಡಿಯೊದಲ್ಲಿ ಕಾಣುವ ಕ್ರಿಯೆಯನ್ನು ಬರೆಯಲು ತೀರ್ಪಿಗಾಗಿ ಕಾಯಬೇಕಿಲ್ಲ.

ನಮ್ಮ ರಾಜ್ಯದ್ದೇ ಪ್ರಕರಣ ಬೇಕೆಂದರೆ 2016ರ ಜನವರಿ 31, ಬೆಂಗಳೂರಿನ ಹೆಸರಘಟ್ಟ ರಸ್ತೆ. ಸೂಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಅದಾಗಿ ಸುಮಾರು ಅರ್ಧ ಗಂಟೆಗೆ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊರಗೆಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದು ಆಗಿನ ಗೃಹ ಸಚಿವ ಜಿ. ಪರಮೇಶ್ವರ ಹೇಳಿದರು. ದಿನಗಟ್ಟಲೆ ‘ಜನಾಂಗೀಯವೇ, ಅಲ್ಲವೇ’ ಎಂದು ಚರ್ಚೆ ನಡೆಯಿತು. ಆ ಚರ್ಚೆ ಒಂದು ಪ್ರಶ್ನೆಗೆ ಮುಗಿಯಬೇಕಿತ್ತು: ಅಪಘಾತ ಮಾಡಿದ ಕಾರಿನಲ್ಲಿ ಆಕೆ ಇರಲಿಲ್ಲ, ಆ ದೇಶದವಳೂ ಅಲ್ಲ, ಹಾಗಿದ್ದರೆ ಗುಂಪು ಆಕೆಯನ್ನು ಯಾವ ಗುರುತಿನ ಮೇಲೆ ಹಿಡಿಯಿತು? ಸೂಡಾನ್ ಈಶಾನ್ಯ ಆಫ್ರಿಕಾದಲ್ಲಿದೆ, ತಾಂಜಾನಿಯಾ ಪೂರ್ವದಲ್ಲಿ, ನಡುವೆ ಬೇರೆ ದೇಶಗಳಿವೆ. ಸಚಿವರ ವಿಶೇಷಣದ ಬದಲು ಈ ಎರಡು ವಾಕ್ಯ ಮುಖಪುಟದಲ್ಲಿ ಬಂದಿದ್ದರೆ ಓದುಗರೇ ತೀರ್ಮಾನಿಸುತ್ತಿದ್ದರು.

ಇದೇ ಕಾರಣಕ್ಕೆ ಅಪರಾಧ ಸುದ್ದಿಗಳಲ್ಲಿ ಬರುವ ‘ಆಫ್ರಿಕಾ ಪ್ರಜೆ ಬಂಧನ’ ನಿಲ್ಲಬೇಕು. ಆಫ್ರಿಕಾ 54 ದೇಶಗಳ ಖಂಡ, ಅದಕ್ಕೆ ಪಾಸ್‌ಪೋರ್ಟ್ ಇಲ್ಲ. ಎಫ್‌ಐಆರ್‌ನಲ್ಲಿ ದೇಶ ಇದ್ದೇ ಇರುತ್ತದೆ: ನೈಜೀರಿಯಾ, ಕಾಂಗೊ, ಐವರಿ ಕೋಸ್ಟ್. ದೇಶ ತಿಳಿಯದಿದ್ದರೆ ‘ವಿದೇಶಿ ಪ್ರಜೆ’. ಮೈಬಣ್ಣ ಯಾವಾಗ ಬರೆಯಬಹುದು ಎಂಬುದಕ್ಕೆ ನಿಮ್ಮದೇ ಪತ್ರಿಕೆಯ ‘ಕಾಣೆಯಾಗಿದ್ದಾರೆ’ ಪ್ರಕಟಣೆ ಒಳ್ಳೆಯ ಮಾದರಿ: 5.4 ಅಡಿ ಎತ್ತರ, ಕೋಲು ಮುಖ, ಗೋಧಿ ಮೈಬಣ್ಣ, ನೀಲಿ ಅಂಗಿ, ಕನ್ನಡ ಮತ್ತು ತೆಲುಗು ಬಲ್ಲವರು. ಅಲ್ಲಿ ಬಣ್ಣ ಒಬ್ಬ ವ್ಯಕ್ತಿಯನ್ನು ಹುಡುಕಲು ನೆರವಾಗುವ ಹತ್ತು ಗುರುತುಗಳಲ್ಲಿ ಒಂದು. ‘ಕಪ್ಪು ಮೈಬಣ್ಣದ ಶಂಕಿತ’ ಎಂದಷ್ಟೇ ಬರೆದರೆ ಯಾರೂ ಸಿಗುವುದಿಲ್ಲ, ಆ ಬಣ್ಣದವರೆಲ್ಲ ಅನುಮಾನಕ್ಕೆ ಸಿಗುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೂ ಇದೇ ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ತಲೆಮಾರುಗಳಿಂದ ಇರುವ, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಸಮುದಾಯ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ‘ಆಫ್ರಿಕಾ ಮೂಲದ’ ಎಂದು ಬರೆದದ್ದಕ್ಕೆ ಅರ್ಥವಿದೆ, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು. ಜೇನು ಸಹಕಾರ ಸಂಘದ ಸುದ್ದಿಯಲ್ಲಿ, ಬೈಕ್ ಅಪಘಾತದ ಸುದ್ದಿಯಲ್ಲಿ ಅದನ್ನೇ ಹಚ್ಚುವುದು ಏತಕ್ಕೆ?

ಹೆಸರುಗಳ ವಿಷಯದಲ್ಲಿ ಅಮೆರಿಕದ ಜಗಳವನ್ನೆಲ್ಲ ನಾವು ಹೊರಬೇಕಿಲ್ಲ. ಎಪಿ ಸುದ್ದಿಸಂಸ್ಥೆ 2020ರ ಜೂನ್‌ನಲ್ಲಿ ‘ಬ್ಲ್ಯಾಕ್’ ಪದದ ಮೊದಲ ಅಕ್ಷರವನ್ನು ದೊಡ್ಡಕ್ಷರವಾಗಿಸಿತು, ‘ವೈಟ್’ ಅನ್ನು ಹಾಗೇ ಬಿಟ್ಟಿತು. ವಾಷಿಂಗ್ಟನ್ ಪೋಸ್ಟ್ ಎರಡನ್ನೂ ದೊಡ್ಡದು ಮಾಡಿತು. ಕನ್ನಡ ಲಿಪಿಯಲ್ಲಿ ಆ ರಗಳೆ ಇಲ್ಲ, ಬದುಕಿದೆವು. ‘ಪೀಪಲ್ ಆಫ್ ಕಲರ್’ ಅನ್ನು ‘ಬಣ್ಣದ ಜನ’ ಮಾಡಿದರೆ ನಾಟಕ ಕಂಪನಿಯವರು ನೆನಪಾಗುತ್ತಾರೆ. ‘ಬಿಳಿಯರಲ್ಲದವರು’ ಎನ್ನಿ, ಇಲ್ಲವೇ ಯಾವ ಸಮುದಾಯಗಳೆಂದು ಹೆಸರಿಸಿ. ‘ಲ್ಯಾಟಿನೆಕ್ಸ್’ ಎಂಬ, ಗಂಡು–ಹೆಣ್ಣು ಭೇದ ತೋರದ ಪದವನ್ನು ತಮ್ಮ ಬಗ್ಗೆ ಬಳಸುವ ಹಿಸ್ಪಾನಿಕ್ ವಯಸ್ಕರು ಶೇ 3 ಎಂದು ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2020ರಲ್ಲಿ ವರದಿ ಮಾಡಿತ್ತು. ಅವರೇ ಬಳಸದ್ದನ್ನು ನಾವು ಆಮದು ಮಾಡಿಕೊಳ್ಳುವುದು ಅತಿ ಮಡಿ.

‘ನೀಗ್ರೋ’ ಹಳೆಯ ಸಂಸ್ಥೆಯ ಹೆಸರಿನಲ್ಲಿ, ಉದ್ಧರಣೆಯಲ್ಲಿ ಮಾತ್ರ ಇರಲಿ. ‘ಆಫ್ರಿಕನ್ ಅಮೆರಿಕನ್’ ಅಮೆರಿಕದವರಿಗೆ ಸರಿ; 2021ರ ಯುರೊ ಫುಟ್‌ಬಾಲ್ ಫೈನಲ್ ಸೋತಾಗ ನಿಂದನೆ ಉಂಡ ಇಂಗ್ಲೆಂಡಿನ ಆಟಗಾರರಾದ ಸಾಕಾ, ರಾಶ್‌ಫೋರ್ಡ್, ಸಾಂಚೊಗೆ ಅಂಟಿಸಿದರೆ ನಗೆಪಾಟಲು. ‘ಕರಿಯ’ ಕನ್ನಡದಲ್ಲಿ ಕರಿಯಪ್ಪ, ಕರಿಯಮ್ಮ ಎಂದು ದೇವರ ಹೆಸರೂ ಹೌದು, ಮನೆಯ ಮುದ್ದಿನ ಕರೆಯೂ ಹೌದು, ಬೈಗುಳವೂ ಹೌದು. ಮುದ್ರಣದಲ್ಲಿ ದನಿ ಕೇಳಿಸುವುದಿಲ್ಲವಾದ್ದರಿಂದ ‘ಕಪ್ಪು ಜನರು’, ‘ಕಪ್ಪು ಅಮೆರಿಕನ್ನರು’ ಸಾಕು. ‘ಕೃಷ್ಣವರ್ಣೀಯರು’ ಎಂದು ಸಂಸ್ಕೃತದ ಶಾಲು ಹೊದಿಸಿದರೆ ಗೌರವ ಹೆಚ್ಚುವುದಿಲ್ಲ. ಗೌರವ ಕಾಣುವುದು ಕನ್ನಡದಲ್ಲಿ ಸರ್ವನಾಮದಲ್ಲಿ. ಒಂದೇ ಪುಟದಲ್ಲಿ ಬಿಳಿಯ ಪ್ರವಾಸಿ ‘ಅವರು’, ನೈಜೀರಿಯಾದ ವಿದ್ಯಾರ್ಥಿ ‘ಆತ’ ಆಗಿದ್ದಾನೆಯೇ ಎಂದು ಪುಟ ಕಟ್ಟುವ ಮೊದಲು ಒಮ್ಮೆ ನೋಡಿ. ಐದು ನಿಮಿಷದ ಕೆಲಸ.

ಪದ ತಿದ್ದಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಹೆಸರು ಬದಲಾಯಿಸಿದ್ದರಿಂದ 44,900 ಡಾಲರ್ 44,901 ಆಗುವುದಿಲ್ಲ. ಅಮೆರಿಕದ ಎಡಪಂಥೀಯರಲ್ಲೇ ಹಲವರು, ಪದಗಳ ಶುದ್ಧೀಕರಣದಲ್ಲಿ ಮುಳುಗಿ ಸಂಬಳ, ಬಾಡಿಗೆ, ಶಾಲೆಯ ಮಾತು ಮರೆತೆವು ಎಂದು ದೂರುತ್ತಾರೆ. ಆ ದೂರಿನಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ. ಅದಕ್ಕೇ ಈ ಪತ್ರದಲ್ಲಿ ಹೆಸರುಗಳಿಗಿಂತ ಕ್ರಿಯಾಪದ ಮತ್ತು ಅಂಕಿಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಶೀರ್ಷಿಕೆಗೆ ಜಾಗವಿಲ್ಲ ಎಂಬುದು ಇನ್ನೊಂದು ಸಮಜಾಯಿಷಿ. ‘ಜನಾಂಗೀಯ ತಾರತಮ್ಯ: ಆಕ್ರೋಶ’ ಎಂಬಷ್ಟೇ ಅಗಲದಲ್ಲಿ ‘ಕಪ್ಪು ರೈತರಿಗೆ ಸಾಲ ನಿರಾಕರಣೆ’ ಕೂರುತ್ತದೆ, ಅಳೆದು ನೋಡಿ.

ಕೊನೆಯದಾಗಿ, ಇಡೀ ವಿಷಯದಲ್ಲಿ ತಕ್ಷಣ ತಿದ್ದಲೇಬೇಕಾದದ್ದು ‘ಅಮೆರಿಕದ ಮೀಸಲಾತಿ’. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶದ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಕೊಟ್ಟ ತೀರ್ಪನ್ನು ಕನ್ನಡದಲ್ಲಿ ಮೀಸಲಾತಿ ರದ್ದು ಎಂದು ಓದಿದವರು, ಮಾತಾಡಿದವರು ಬಹಳ. 1918ರ ಮಿಲ್ಲರ್ ಸಮಿತಿಯಿಂದ ಹಾವನೂರು ಆಯೋಗದವರೆಗೆ ಮೀಸಲಾತಿಯ ಇತಿಹಾಸ ಇರುವ ನಾಡಿನಲ್ಲಿ ಈ ಪದಕ್ಕೆ ಖಚಿತ ಅರ್ಥವಿದೆ: ಇಷ್ಟು ಸೀಟು, ಇಂಥವರಿಗೆ, ಇಂತಿಷ್ಟು ಶೇಕಡ. ಅಮೆರಿಕದ ಕಾಲೇಜುಗಳಲ್ಲಿ ಹಾಗೆ ಸೀಟು ಕಾಯ್ದಿರಿಸುವುದನ್ನು ಅಲನ್ ಬಾಕಿ ಎಂಬುವರ ಮೊಕದ್ದಮೆಯಲ್ಲಿ 1978ರಲ್ಲಿ ಬಂದ ತೀರ್ಪೇ ನಿಷೇಧಿಸಿತ್ತು. ಕ್ಯಾಲಿಫೋರ್ನಿಯಾದ ಡೇವಿಸ್‌ನ ವೈದ್ಯಕೀಯ ಕಾಲೇಜು 100ರಲ್ಲಿ 16 ಸೀಟು ಮೀಸಲಿಟ್ಟದ್ದನ್ನು ಕೋರ್ಟ್ ಒಪ್ಪಲಿಲ್ಲ. ಆ ಮೇಲೆ ಉಳಿದದ್ದು, ಅಂಕ, ಪ್ರಬಂಧ, ಆಟೋಟದ ಜೊತೆ ಅರ್ಜಿದಾರರ ರೇಸ್ ಅನ್ನೂ ಒಂದು ಅಂಶವಾಗಿ ಗಮನಿಸುವ ಪದ್ಧತಿ. 2023ರಲ್ಲಿ ಹೋದದ್ದು ಅದು. ಅದೂ ಪೂರ್ತಿ ಅಲ್ಲ: ತನ್ನ ಬದುಕಿನ ಮೇಲೆ ರೇಸ್ ಹೇಗೆ ಪರಿಣಾಮ ಬೀರಿತು ಎಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಕಾಲೇಜು ಅದನ್ನು ಪರಿಗಣಿಸಬಹುದು ಎಂದು ತೀರ್ಪಿನಲ್ಲೇ ಇದೆ. ‘ಪ್ರವೇಶದಲ್ಲಿ ರೇಸ್ ಪರಿಗಣನೆಗೆ ತಡೆ’ ಎಂದು ನಿಮ್ಮ ಡೆಸ್ಕಿನ ಪದಪಟ್ಟಿಯಲ್ಲಿ ಇವತ್ತೇ ಸೇರಿಸಬಹುದು.

ಇತಿ,
ಸುದ್ದಿ ಅನುವಾದದ ಕೆಲಸದಲ್ಲಿರುವ ಕೆಲವು ಓದುಗರು, ಮೈಸೂರು